ಚೆಂಡು ಗಾಳಿಗೆದುರಾಗಿ ಹೋದದ್ದು ಹೇಗೆ?

ಕಳೆದ ಡಿಸೆಂಬರ್ ರಜೆಯಲ್ಲಿ ಕರಾವಳಿಗೆ ಹೋಗಿ ಬಂದ ಅಕ್ಕನ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ದಡದುದ್ದಕ್ಕೂ ನೊರೆ ಕಾರುತ್ತ ಒಡೆಯುವ ಅಲೆಗಳು. ನಡುವೆ ಇಪ್ಪತ್ತು ಮೀಟರಿನಷ್ಟು ಅಗಲದ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೇ ಇಲ್ಲ. ನೀರು ತುಸು ಕಪ್ಪು, ಕೆರೆಯಂತೆ ಶಾಂತ. ಆ ಪಟ್ಟಿಯ ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ಮನೆಯ ಮಕ್ಕಳೆಲ್ಲ ನಿಂತಿದ್ದಾರೆ. "ಅಲೆ ಎಲ್ಲಿ ಕಡಿಮೆ ಎಂದು ನೋಡಿ ಅಲ್ಲೇ ಇಳಿಸಿದೆವು ಮಾವ" ಎಂದ. ಮಕ್ಕಳ ಪ್ಲಾಸ್ಟಿಕ್ ಚೆಂಡು ಮಾತ್ರ ಗಾಳಿಗೆ ಸಿಕ್ಕಿ ಸಮುದ್ರದ ಪಾಲಾಯಿತಂತೆ.

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಮಧ್ಯಾಹ್ನ ಮೂರೂವರೆ ಗಂಟೆಗೆ. ಆ ಹೊತ್ತಿಗೆ ನೆಲ ಕಾದು, ಗಾಳಿ ಸಮುದ್ರದಿಂದ ದಡದ ಕಡೆಗೆ ಬೀಸುತ್ತಿರುತ್ತದೆ. ಚಿತ್ರದಲ್ಲಿ ಅಕ್ಕನ ಸೆರಗು ಹಾರುತ್ತಿರುವುದೂ ತೆಂಗಿನ ತೋಪಿನ ಕಡೆಗೇ. ಗಾಳಿಗೆ ಸಿಕ್ಕಿದ್ದರೆ ಚೆಂಡು ತೋಪಿಗೆ ಬರಬೇಕಿತ್ತು. ಅದು ಗಾಳಿಗೆದುರಾಗಿ ಹೋಗಿದೆ. ಅದನ್ನು ಒಯ್ದದ್ದು ನೀರು, ಅದರಲ್ಲೂ ಆ ಶಾಂತ ಪಟ್ಟಿಯ ನೀರು.

ಕೊಡಗಿನವರಾದ ನಮಗೆ ಹೊಳೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಲ್ಲಿನ ಮೇಲೆ ಸದ್ದು ಮಾಡಿ ಹರಿಯುವ ಕಡೆ ದಾಟಬಹುದು, ಸದ್ದಿಲ್ಲದ ಕಡೆ ಮಡುವಿದೆ ಎಂದು ಕಾವೇರಿಯ ದಡದ ಚಿಕ್ಕ ಮಗುವಿಗೂ ಗೊತ್ತು. ಆದರೆ ಘಾಟಿ ಇಳಿದು ಸಮುದ್ರ ಕಂಡ ಕೂಡಲೇ ಈ ತಿಳಿವಳಿಕೆ ಮರೆತುಹೋಗುತ್ತದೆ. ಅಲೆಯ ಅಬ್ಬರ ನಮ್ಮನ್ನು ಹೆದರಿಸುತ್ತದೆ, ನಾವು ಅಬ್ಬರವಿಲ್ಲದ ಕಡೆಗೆ ಓಡುತ್ತೇವೆ. ಅಬ್ಬರವಿಲ್ಲದ ಆ ಕಡೆಯೇ ಸಮುದ್ರದ ಮಡು. ಅಷ್ಟೇ ಅಲ್ಲ, ಅದು ಹರಿಯುವ ಮಡು.

ಒಡೆಯುವ ಪ್ರತಿ ಅಲೆಯೂ ಒಂದಿಷ್ಟು ನೀರನ್ನು ದಡದ ಕಡೆಗೆ ದೂಡುತ್ತದೆ. ಹಾಗೆ ಬಂದ ನೀರು ದಡದಲ್ಲೇ ಗುಡ್ಡೆಯಾಗಿ ನಿಲ್ಲುವಂತಿಲ್ಲ, ಹಿಂದಕ್ಕೆ ಹೋಗಲೇಬೇಕು. ಎಲ್ಲಿಂದ? ದಡಕ್ಕೆ ಸ್ವಲ್ಪ ದೂರದಲ್ಲಿ ನೀರಿನಡಿ ಮರಳ ದಿಣ್ಣೆಗಳಿರುತ್ತವೆ, ದಿಣ್ಣೆಗಳ ನಡುವೆ ಅಲ್ಲಲ್ಲಿ ಕಂಡಿಗಳಿರುತ್ತವೆ. ದಿಣ್ಣೆಯ ಮೇಲೆ ಆಳ ಕಡಿಮೆ, ಆದ್ದರಿಂದ ಅಲೆ ಅಲ್ಲಿ ಜೋರಾಗಿ ಒಡೆದು ನೀರಿನ ಮಟ್ಟವನ್ನು ಕೆಲವೇ ಸೆಂಟಿಮೀಟರಿನಷ್ಟು ಏರಿಸುತ್ತದೆ. ಕಂಡಿಯಲ್ಲಿ ಆಳ ಹೆಚ್ಚು, ಅಲೆ ಒಡೆಯುವುದಿಲ್ಲ, ಮಟ್ಟವೂ ಏರುವುದಿಲ್ಲ. ಏರಿದ ನೀರು ದಡದುದ್ದಕ್ಕೆ ಅಡ್ಡಡ್ಡ ಹರಿದು ಬಂದು ಕಂಡಿಯನ್ನು ಹುಡುಕಿ ಹೊರಗೆ ನುಗ್ಗುತ್ತದೆ. ನಮ್ಮ ಗದ್ದೆಯಲ್ಲಿ ಮಳೆನೀರು ತುಂಬಿದಾಗ ಬದುವಿನ ಒಂದು ಕಂಡಿಯಲ್ಲಿ ನೀರು ಹೇಗೆ ರಭಸದಿಂದ ಹೊರಡುತ್ತದೆ ನೋಡಿ: ಗದ್ದೆಯ ನಡುವೆ ಅದು ನಿಂತಂತೆಯೇ ಕಾಣುತ್ತದೆ, ಕಂಡಿಯಲ್ಲಿ ಕಾಲಿಟ್ಟರೆ ಮಾತ್ರ ಸೆಳೆಯುತ್ತದೆ. ಅಥವಾ ಆಷಾಢದ ಮಳೆಯಲ್ಲಿ ಹೆಂಚಿನ ಮಾಡನ್ನು ನೆನೆಯಿರಿ. ಮಳೆ ಬೀಳುವುದು ಇಡೀ ಮಾಡಿನ ಮೇಲೆ, ನೀರು ಧಾರೆಯಾಗಿ ಸುರಿಯುವುದು ಎರಡು ಮಾಡುಗಳು ಕೂಡುವ ಮೂಲೆಯಲ್ಲಿ. ಇನ್ನೂ ಸಾಲದಿದ್ದರೆ ತುಲಾ ಸಂಕ್ರಮಣದ ದಿನ ತಲಕಾವೇರಿಯ ಜನಸಂದಣಿಯನ್ನು ನೆನೆಯಿರಿ. ಎಲ್ಲ ಕಡೆಯಿಂದಲೂ ಒತ್ತಿ ಒಳಬಂದ ಜನ ಹೊರಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಸಿಕ್ಕಿಕೊಂಡವನಿಗೆ ತಿರುಗಿ ನಡೆಯುವ ಶಕ್ತಿ ಎಷ್ಟೇ ಇದ್ದರೂ ಉಪಯೋಗವಿಲ್ಲ. ಪಕ್ಕಕ್ಕೆ ಸರಿದರೆ ಮಾತ್ರ ಉಸಿರು.

ಇದೇ ರಿಪ್ ಕರೆಂಟ್, ನಾನು ಕಡಲ ಸೆಳವು ಎನ್ನುತ್ತೇನೆ. ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು ಇರುವ ಅದರ ವೇಗ ಕೆಲವೊಮ್ಮೆ ಎರಡು ಮೀಟರನ್ನೂ ಮೀರಿದ್ದು ದಾಖಲಾಗಿದೆ. ಒಲಿಂಪಿಕ್ ಈಜುಗಾರರು 50 ಮೀಟರಿನ ಓಟದಲ್ಲಿ ಮುಟ್ಟುವ ವೇಗ ಹೆಚ್ಚು ಕಡಿಮೆ ಇಷ್ಟೇ. ಅದರೆದುರು ಈಜಿ ಗೆಲ್ಲುವುದು ಸಾಧ್ಯವಿಲ್ಲ.

ಸಮುದ್ರ ಕಾಲು ಹಿಡಿದು ಕೆಳಗೆ ಎಳೆಯುತ್ತದೆ, ವರ್ಷಕ್ಕೆ ಇಷ್ಟು ಬಲಿ ತೆಗೆದುಕೊಳ್ಳುತ್ತದೆ ಎಂಬ ಮಾತುಗಳನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಈ ನಂಬಿಕೆ ನಿರುಪದ್ರವಿಯಲ್ಲ. ಕೆಳಗೆ ಎಳೆಯುತ್ತಿದೆ ಎಂದು ನಂಬಿದವನು ಮೇಲೇಳಲು ಒದ್ದಾಡಿ ದಣಿಯುತ್ತಾನೆ, ದಣಿದು ಮುಳುಗುತ್ತಾನೆ. ಸೆಳವು ಎಳೆಯುವುದು ಕೆಳಗಲ್ಲ, ಹೊರಗೆ. ಅಮೆರಿಕದ ಕಡಲ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡ್ 1936ರಲ್ಲೇ ಇದನ್ನು ಬರೆದು, ರಿಪ್ ಕರೆಂಟ್ ಎಂಬ ಹೆಸರನ್ನೂ ಕೊಟ್ಟರು. ಅಲ್ಲಿನ ಜನರೂ ಆವರೆಗೆ ತಳದಲ್ಲಿ ಎಳೆಯುವ ನೀರು ಎಂದೇ ನಂಬಿದ್ದರು. ಒಡೆಯುವ ಅಲೆ ನೀರಿನ ಮಟ್ಟವನ್ನು ಏರಿಸುವುದರ ಗಣಿತ ಸಿಕ್ಕಿದ್ದು ಇನ್ನೂ ತಡವಾಗಿ, 1960ರ ದಶಕದ ಆರಂಭದಲ್ಲಿ, ಲಾಂಗೆಟ್-ಹಿಗ್ಗಿನ್ಸ್ ಮತ್ತು ಸ್ಟುವರ್ಟ್ ಎಂಬ ವಿಜ್ಞಾನಿಗಳಿಂದ. ಆಮೇಲೆ ತೇಲುವ ಜಿಪಿಎಸ್ ಉಪಕರಣಗಳನ್ನು ಸೆಳವಿಗೆ ಬಿಟ್ಟು ನೋಡಿದಾಗ, ಅನೇಕವು ಹೊರಗೆ ಹೋಗದೆ ವೃತ್ತವಾಗಿ ಸುತ್ತಿ ದಿಣ್ಣೆಯ ಕಡೆಗೇ ಮರಳಿದವು. ಆದ್ದರಿಂದ ಸಿಕ್ಕಿಕೊಂಡವನು ಮೊದಲು ಮಾಡಬೇಕಾದದ್ದು ಮಲಗಿ ತೇಲುವುದು, ಕೈ ಎತ್ತಿ ಕರೆಯುವುದು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯುವ ಕಡೆಗೆ ಈಜುವುದು.

ಈ ಬೇಸಿಗೆಯಲ್ಲಿ ಅಕ್ಕನ ಮನೆಯವರು ಕಾಸರಗೋಡಿನ ದಕ್ಷಿಣಕ್ಕಿರುವ ವಲಿಯಪರಂಬಕ್ಕೆ ಹೋಗಬೇಕೆಂದಿದ್ದಾರೆ. ಅದು ತಡೆ ದ್ವೀಪ. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಇಪ್ಪತ್ತು ಕಿಲೋಮೀಟರಿಗೂ ಉದ್ದದ ಮರಳಿನ ಪಟ್ಟಿ. ತುಳುನಾಡಿನವರು ಬೆಂಗ್ರೆ ಎನ್ನುವುದು ಇದರ ತಂಗಿಯನ್ನು. ಮಂಗಳೂರಿನ ಬೆಂಗ್ರೆ, ಸ್ವರ್ಣಾ-ಸೀತಾ ನದಿಗಳ ಬಾಯಿಯ ಕೋಡಿಬೆಂಗ್ರೆ ಇವೆಲ್ಲ ಒಂದು ತುದಿಯಲ್ಲಿ ನೆಲಕ್ಕೆ ಅಂಟಿಕೊಂಡಿವೆ, ಅಷ್ಟೇ ವ್ಯತ್ಯಾಸ. ನದಿ ತಂದ ಮರಳನ್ನು ಅಲೆಗಳು ದಡದುದ್ದಕ್ಕೆ ಸಾಗಿಸಿ ಕಟ್ಟಿದ ಗೋಡೆಗಳಿವು. ಪುಷ್ಪಗಿರಿಯ ಇಳಿಜಾರಿನ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ನಮ್ಮ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಬರಪೊಳೆ ವಳಪಟ್ಟಣಂ ನದಿಯನ್ನು ಕೂಡುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಕುಸಿದ ಗುಡ್ಡದ ಮಣ್ಣಿನಲ್ಲಿದ್ದ ಮರಳು ಇಳಿದದ್ದೂ ಪಯಸ್ವಿನಿಯ ದಾರಿಗೇ. ಬೀಚಿನಲ್ಲಿ ಕುಳಿತು ಮುಷ್ಟಿಯಲ್ಲಿ ಹಿಡಿಯುವ ಮರಳಿನಲ್ಲಿ ನಮ್ಮ ಬೆಟ್ಟದ ಪಾಲೂ ಇದೆ ಎಂಬುದು ನನಗೆ ಎಷ್ಟು ಸಲ ಯೋಚಿಸಿದರೂ ಹಳತಾಗದ ಸಂತೋಷ.

ಇಂಥ ದ್ವೀಪದಲ್ಲಿ ಬೀಚ್ ಒಂದಲ್ಲ, ಮೂರು. ಸಮುದ್ರದ ಕಡೆಯದು, ಹಿನ್ನೀರಿನ ಕಡೆಯದು, ತುದಿಯ ಅಳಿವೆಯದು. ಅಳಿವೆ ಎಲ್ಲಕ್ಕಿಂತ ಸುಂದರ: ಎರಡು ನೀರು ಕೂಡುವ ಜಾಗ, ಬಿಳಿ ಮರಳು, ಸೂರ್ಯಾಸ್ತ. ಅಲ್ಲಿ ಮಾತ್ರ ನೀರಿಗಿಳಿಯಬೇಡಿ. ಹಿನ್ನೀರು ಹತ್ತು ಚದರ ಕಿಲೋಮೀಟರ್ ಎಂದಿಟ್ಟುಕೊಳ್ಳಿ, ಇಳಿತದಲ್ಲಿ ಅದರ ಮಟ್ಟ ಒಂದು ಮೀಟರ್ ತಗ್ಗುತ್ತದೆ ಎಂದುಕೊಳ್ಳಿ. ಒಂದು ಕೋಟಿ ಘನ ಮೀಟರ್ ನೀರು, ಅಂದರೆ ಒಂದು ಟಿಎಂಸಿಯ ಮೂರನೇ ಒಂದು ಪಾಲು, ಸುಮಾರು ಆರು ಗಂಟೆಯಲ್ಲಿ ಒಂದೇ ಬಾಯಿಯಿಂದ ಹೊರಗೆ ಹೋಗಬೇಕು. ಲೆಕ್ಕ ಹಾಕಿದರೆ ಸರಾಸರಿ 16 ಸಾವಿರ ಕ್ಯೂಸೆಕ್. ಹಾರಂಗಿಯಿಂದ ಅಷ್ಟು ನೀರು ಬಿಡುತ್ತಾರೆ ಎಂದರೆ ನಾವು ದನಗಳನ್ನು ಮೇಲಕ್ಕೆ ಹೊಡೆಯುತ್ತೇವೆ. ಅಳಿವೆಯಲ್ಲಿ ಅದು ದಿನಕ್ಕೆ ಎರಡು ಸಲ, ಯಾವ ಸೈರನ್ನೂ ಇಲ್ಲದೆ ನಡೆಯುತ್ತದೆ. ಅಮಾವಾಸ್ಯೆಯ ದಿನ ಸಮುದ್ರಕ್ಕಿಳಿಯಬಾರದು ಎಂಬ ಹಿರಿಯರ ಮಾತಿನಲ್ಲಿ ಇಷ್ಟು ಸತ್ಯವಿದೆ: ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತಗಳ ವ್ಯತ್ಯಾಸ ಹೆಚ್ಚು, ಆದ್ದರಿಂದ ಅಳಿವೆಯ ರಭಸವೂ ಹೆಚ್ಚು. ಹುಣ್ಣಿಮೆ ಒಳ್ಳೆಯದು, ಅಮಾವಾಸ್ಯೆ ಕೆಟ್ಟದ್ದು ಎಂಬ ಭೇದ ಮಾತ್ರ ಚಂದ್ರನಿಗೆ ಗೊತ್ತಿಲ್ಲ.

ಪುಟ್ಟ ಮಕ್ಕಳಿದ್ದರೆ ಹಿನ್ನೀರಿನ ಕಡೆ, ಅಳಿವೆಯಿಂದ ದೂರ, ನೀರು ಏರುವ ಹೊತ್ತಿನಲ್ಲಿ. ಕೆಸರಿರುತ್ತದೆ, ಚಿಪ್ಪು ಕಾಲಿಗೆ ಚುಚ್ಚುತ್ತದೆ, ಚಪ್ಪಲಿ ಬಿಚ್ಚದಿದ್ದರಾಯಿತು.

ಸಮುದ್ರದ ಕಡೆಗೇ ಹೋಗಬೇಕೆನ್ನುವವರು ಮೊದಲು ಮರಳನ್ನು ನೋಡಬೇಕು. ಕಾಫಿ ಕುಡಿಯುವ ನಾಡಿನವರಿಗೆ ಇದು ಸುಲಭ. ಫಿಲ್ಟರಿಗೆ ತರಿ ಪುಡಿ ಹಾಕಿದರೆ ನೀರು ಸರಕ್ಕನೆ ಇಳಿಯುತ್ತದೆ, ನುಣ್ಣನೆಯ ಪುಡಿ ಹಾಕಿದರೆ ಮೇಲೆಯೇ ನಿಲ್ಲುತ್ತದೆ. ತರಿ ಮರಳಿನ ದಡಕ್ಕೆ ಏರಿದ ಅಲೆಯ ನೀರು ಅಲ್ಲೇ ಇಂಗುತ್ತದೆ, ಮರಳನ್ನು ಹಿಂದಕ್ಕೆ ಒಯ್ಯಲು ಬಲ ಉಳಿಯುವುದಿಲ್ಲ. ಮರಳು ಮೇಲೆಯೇ ಪೇರಿ ದಡ ಕಡಿದಾಗುತ್ತದೆ. ಎರಡು ಹೆಜ್ಜೆಗೆ ಎದೆಮಟ್ಟ ನೀರು, ಅಲೆ ಬಂದು ಒಡೆಯುವುದು ಮೈಮೇಲೆಯೇ. ನುಣುಪು ಮರಳಿನಲ್ಲಿ ನೀರು ಇಂಗದೆ ಮರಳನ್ನು ಎಳೆದುಕೊಂಡೇ ಮರಳುತ್ತದೆ, ದಡ ಚಪ್ಪಟೆಯಾಗುತ್ತದೆ. ಕಣ್ಣೂರಿನ ಬಳಿಯ ಮುಳಪ್ಪಿಲಂಗಾಡಿನಲ್ಲಿ ಕಾರು ಓಡಿಸುವುದು ಇಂಥ ಗಟ್ಟಿಯಾದ, ಒದ್ದೆಯಾದ, ನುಣುಪು ಮರಳಿನ ಮೇಲೆ. ನಡೆಯುವಾಗ ಹಿಮ್ಮಡಿ ಹೂತುಕೊಂಡರೆ ಕಡಿದಾದ ದಡ, ಹೆಜ್ಜೆಯ ಗುರುತು ತೆಳುವಾಗಿ ಮೂಡಿದರೆ ಚಪ್ಪಟೆ ದಡ.

ಏಪ್ರಿಲ್-ಮೇ ತಿಂಗಳಿನಲ್ಲಿ ಇನ್ನೊಂದು ಸಂಗತಿ ಇದೆ. ಆಕಾಶ ತಿಳಿ, ಗಾಳಿ ಇಲ್ಲ, ಆದರೂ ಸಮುದ್ರ ಇದ್ದಕ್ಕಿದ್ದಂತೆ ಉಕ್ಕಿ ದಡದ ಮನೆಗಳಿಗೆ ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್, ಕಳ್ಳ ಸಮುದ್ರ ಎನ್ನುತ್ತಾರೆ; 2012ರಲ್ಲಿ ಯುನೆಸ್ಕೊ ಆ ಪದವನ್ನೇ ಒಪ್ಪಿಕೊಂಡಿತು. ಇದರಲ್ಲಿ ದೈವಕೋಪವಿಲ್ಲ. ಭಾಗಮಂಡಲದಲ್ಲಿ ಮಳೆ ಸುರಿದರೆ ಬಿಸಿಲಿನ ಕುಶಾಲನಗರದಲ್ಲಿ ಹೊಳೆ ಏರುತ್ತದಲ್ಲವೇ, ಹಾಗೆ. ಇಲ್ಲಿ ಭಾಗಮಂಡಲ ಇರುವುದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ಸಾವಿರಾರು ಕಿಲೋಮೀಟರ್ ಆಚೆ. ಅಲ್ಲಿನ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ದಿನಕ್ಕೆ ಸುಮಾರು ಸಾವಿರ ಕಿಲೋಮೀಟರಿನಂತೆ ಸಾಗಿ ನಮ್ಮ ದಡ ಮುಟ್ಟುತ್ತವೆ. ದಾರಿಯಲ್ಲಿ ಅಷ್ಟು ದಿನ ಕಳೆಯುವುದರಿಂದಲೇ ಸಾಗರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಗೆ ಮುಂಚಿತವಾಗಿ ಎಚ್ಚರಿಕೆ ಕೊಡಲು ಸಾಧ್ಯವಾಗುತ್ತದೆ. ಹೊರಡುವ ಹಿಂದಿನ ದಿನ ಅದನ್ನೊಮ್ಮೆ ನೋಡಿಕೊಂಡು ಘಾಟಿ ಇಳಿಯುವುದು ಮೇಲು.

ಅಕ್ಕನ ಮಗ ಆ ಚಿತ್ರವನ್ನು ಅಳಿಸಿಲ್ಲ. ಮೊನ್ನೆ ಅದನ್ನು ದೊಡ್ಡದು ಮಾಡಿ ನೋಡುತ್ತ, ಕಪ್ಪು ಪಟ್ಟಿಯ ಹೊರತುದಿಯಲ್ಲಿ ಕಂದು ಬಣ್ಣದ ಮರಳುನೀರು ಅಣಬೆಯ ತಲೆಯಂತೆ ಹರಡಿರುವುದನ್ನು ತಾನೇ ಕಂಡುಹಿಡಿದು ನನಗೆ ತೋರಿಸಿದ. ವಲಿಯಪರಂಬದಲ್ಲಿ ಎತ್ತರದ ಒಂದು ಮರಳ ದಿಬ್ಬದ ಮೇಲೆ ಕುಳಿತು, ಅಲೆ ಎಲ್ಲೆಲ್ಲಿ ಒಡೆಯುತ್ತಿಲ್ಲ, ನೊರೆ ಎಲ್ಲಿ ಹೊರಕ್ಕೆ ಹೋಗುತ್ತಿದೆ ಎಂದು ಮೊದಲ ಹದಿನೈದು ನಿಮಿಷ ನೋಡಬೇಕು, ಅಲ್ಲಿಯವರೆಗೆ ಯಾರೂ ನೀರಿಗೆ ಕಾಲಿಡಬಾರದು ಎಂದು ಅವನೇ ಮನೆಯವರನ್ನೆಲ್ಲ ಒಪ್ಪಿಸಿದ್ದಾನೆ. ಹೊಸ ಚೆಂಡನ್ನೂ ಕೊಂಡಿದ್ದಾನೆ, ಮಕ್ಕಳಿಗಿಂತ ಮೊದಲು ಅದನ್ನೇ ನೀರಿಗೆ ಬಿಡುತ್ತಾನಂತೆ.