ಇಗ್ನಿಷನ್ ಕಾಯಿಲ್ ಆರಿಸುವಾಗ ನನ್ನನ್ನು ಗೋಳು ಹೊಯ್ದುಕೊಂಡ ಒಂದೂವರೆ ಓಮ್

ಬ್ಯಾಟರಿಯ 12 ವೋಲ್ಟನ್ನು ಪ್ಲಗ್‌ನಲ್ಲಿ ಕಿಡಿ ಹಾರಿಸುವಷ್ಟು ಏರಿಸುವುದು ಇಗ್ನಿಷನ್ ಕಾಯಿಲ್. ಹಳೇ ಕಾರಿಗೆ ಹೊಸ ಕಾಯಿಲ್ ಹುಡುಕುವಾಗ ನಾನು ಮೊದಲು ನೋಡಿದ್ದು ಡಬ್ಬದ ಮೇಲಿನ ವೋಲ್ಟ್. 40,000 ಅಂತ ಇದ್ದರೆ 30,000ಕ್ಕಿಂತ ಮೇಲು ಅಂದುಕೊಂಡೆ. ಕಿಡಿಗೆ ಎಷ್ಟು ವೋಲ್ಟ್ ಬೇಕು ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಪ್ಲಗ್‌ನ ಸಂದು ಮತ್ತು ಸಿಲಿಂಡರ್ ಒಳಗಿನ ಒತ್ತಡ. 12 ಸಾವಿರಕ್ಕೇ ಕಿಡಿ ಹಾರಿದರೆ ವೋಲ್ಟೇಜ್ ಅದಕ್ಕಿಂತ ಮೇಲೇರುವುದಿಲ್ಲ. ಮಿಕ್ಕ ಸಾವಿರಗಳು ಡಬ್ಬದ ಮೇಲೇ ಇರುತ್ತವೆ.

ನೋಡಬೇಕಾದದ್ದು ಪ್ರೈಮರಿ ಸುತ್ತಿನ, ಅಂದರೆ ಕಾಯಿಲ್ ಒಳಗೆ ಬ್ಯಾಟರಿಯ ಕರೆಂಟು ಹರಿಯುವ ಸುತ್ತಿನ, ರೆಸಿಸ್ಟೆನ್ಸ್. ಪಾಯಿಂಟ್ಸ್ (ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್) ಇರುವ 12 ವೋಲ್ಟ್ ಗಾಡಿಗಳಿಗೆ ಸಾಮಾನ್ಯವಾಗಿ ಎರಡು ಬಗೆ: ಸುಮಾರು 3 ಓಮ್, ಸುಮಾರು 1.5 ಓಮ್. ನೋಡಲು ಅವಳಿ ಜವಳಿ. ಒಂದೇ ಕ್ಲ್ಯಾಂಪಿನಲ್ಲಿ ಕೂರುತ್ತವೆ. ನಾನು ಎಡವಿದ್ದು ಇಲ್ಲೇ.

ಓಮ್ ಜಾಸ್ತಿ ಇದ್ದರೆ ಕಾಯಿಲ್ ಜೋರು ಅಂತ ನನ್ನ ತಲೆಯಲ್ಲಿ ಕೂತಿತ್ತು. ಲೆಕ್ಕ ಉಲ್ಟಾ. 12 ÷ 3 = 4 ಆಂಪ್, ಇದನ್ನು ಪಾಯಿಂಟ್ಸ್ ತಾಳುತ್ತವೆ. 12 ÷ 1.5 = 8 ಆಂಪ್, ಪಾಯಿಂಟ್ಸ್ ಬೇಗ ಸುಟ್ಟು ಹೋಗುತ್ತವೆ, ಕಾಯಿಲ್ ಕೂಡ ವಿಪರೀತ ಕಾಯುತ್ತದೆ. ಅದಕ್ಕೇ 1.5ರ ಕಾಯಿಲ್‌ಗೆ ಹೊರಗೆ ಒಂದು ಬಲ್ಲಾಸ್ಟ್ ರೆಸಿಸ್ಟರ್. ಅದೂ 1.5 ಓಮ್ ಅಂತಿಟ್ಟುಕೊಳ್ಳಿ. ಎರಡೂ ಸೇರಿ 3, ಮತ್ತೆ ಅದೇ 4 ಆಂಪ್.

ಹಾಗಿದ್ದರೆ ಸುಮ್ನೆ 3 ಓಮ್ ಕಾಯಿಲ್ ಹಾಕಿದ್ದರೆ ಆಗುತ್ತಿತ್ತಲ್ವಾ? ಎರಡು ದಿನ ಇದಕ್ಕೇ ತಲೆ ಕೆರೆದುಕೊಂಡೆ. ಗುಟ್ಟು ಸ್ಟಾರ್ಟರ್‌ನಲ್ಲಿದೆ. ಅದು ತಿರುಗುವಾಗ ಬ್ಯಾಟರಿ 9 ವೋಲ್ಟ್‌ಗೆ ಕುಸಿಯಿತು ಅನ್ನಿ. 3 ಓಮ್ ಕಾಯಿಲ್‌ನಲ್ಲಿ ಬರೀ 3 ಆಂಪ್. ಕಿಡಿ ಜಾಸ್ತಿ ಬೇಕಾದ ಹೊತ್ತಿಗೇ ಸೊರಗುತ್ತದೆ. ಬಲ್ಲಾಸ್ಟ್ ಇರುವ ಗಾಡಿಯಲ್ಲಿ ಆ ಹೊತ್ತಿಗೆ ಕರೆಂಟು ರೆಸಿಸ್ಟರ್ ಮೂಲಕ ಹಾಯದೆ ನೇರ ಕಾಯಿಲ್‌ಗೆ ಬರುತ್ತದೆ: 9 ÷ 1.5 = 6 ಆಂಪ್. ಎಂಜಿನ್ ಹತ್ತಿ ಕೀ ಬಿಟ್ಟ ಮೇಲೆ ರೆಸಿಸ್ಟರ್ ಮತ್ತೆ ದಾರಿಗೆ ಅಡ್ಡ.

ಜೋಡಿ ತಪ್ಪಿದರೆ? ಬಲ್ಲಾಸ್ಟ್ ಜೊತೆ 3 ಓಮ್ ಹಾಕಿದರೆ 12 ÷ 4.5, ಅಂದರೆ ಸುಮಾರು 2.7 ಆಂಪ್. ಕಾರು ಓಡುತ್ತದೆ, ಆದರೆ ಕಿಡಿ ಬಡಕಲು. ಏನೂ ಸುಡುವುದಿಲ್ಲವಾದ್ದರಿಂದ ಈ ತಪ್ಪು ಬೇಗ ಸಿಕ್ಕಿಬೀಳುವುದೂ ಇಲ್ಲ.

ಬಲ್ಲಾಸ್ಟ್ ಕಣ್ಣಿಗೆ ಕಾಣಲಿಲ್ಲ ಅಂತ ಇಲ್ಲವೇ ಇಲ್ಲ ಅನ್ನಬೇಡಿ. ಕೆಲವು ಗಾಡಿಗಳಲ್ಲಿ ವೈರಿಂಗ್ ಒಳಗೇ ರೆಸಿಸ್ಟೆನ್ಸ್ ವೈರ್ ಆಗಿ ಅಡಗಿರುತ್ತದೆ. ಪಾಯಿಂಟ್ಸ್ ಮುಚ್ಚಿರುವಾಗ ಇಗ್ನಿಷನ್ ಆನ್ ಮಾಡಿ, ಕಾಯಿಲ್‌ನ ಪ್ಲಸ್ ತುದಿಯಲ್ಲಿ ಅಳೆಯಿರಿ. ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ಬಂದರೆ ಬಲ್ಲಾಸ್ಟ್ ಇಲ್ಲ. 6ರಿಂದ 8ರ ಆಸುಪಾಸು ಬಂದರೆ ಇದೆ. ನೋಡಿದ ಕೂಡಲೇ ಆಫ್ ಮಾಡಿ, ಕಾಯಿಲ್ ಕಾಯುತ್ತಿರುತ್ತದೆ.

ಓಮ್ ಅಳೆಯುವ ಮುಂಚೆ ಕಾಯಿಲ್‌ನ ವೈರುಗಳನ್ನು ಬಿಚ್ಚಿ. ಮೀಟರಿನ ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ. ನನ್ನದು 0.4 ತೋರಿಸಿತು. ಅದನ್ನು ಕಳೆಯದೆ 1.5ರ ಕಾಯಿಲನ್ನು 1.9 ಅಂತ ಓದಿ, ಇದ್ಯಾವ ಮೂರನೇ ಜಾತಿ ಅಂತ ಒದ್ದಾಡಿದ್ದೆ.

ಹೊಸ ಕಾರುಗಳಲ್ಲಿ, ಪ್ಲಗ್‌ಗೊಂದು ಕಾಯಿಲ್ ಇರುವ ಕಡೆ, ಈ ಪುರಾಣವಿಲ್ಲ. ಪಾರ್ಟ್ ನಂಬರ್ ಹೊಂದಿಸಿ, ಪಿನ್ ಎಣಿಸಿ. ಟ್ರಾನ್ಸಿಸ್ಟರ್ ಒಳಗೇ ಇದ್ದರೆ ಮೀಟರಿನ ಓಮ್ ನಂಬುವಂತಿಲ್ಲ. ಸ್ಕ್ಯಾನರಿನಲ್ಲಿ ಕೋಡ್ ಪಿ0302 (ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ) ಬಂದರೆ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ. ಕೋಡ್ ಪಿ0303 ಆದರೆ ಕಳ್ಳ ಆ ಕಾಯಿಲೇ. ಅಲ್ಲೇ ನಿಂತರೆ ಕಾಯಿಲ್ ಕೊಳ್ಳುವ ಮುಂಚೆ ಪ್ಲಗ್ ಬಿಚ್ಚಿ ನೋಡಿ.

ನಾನು ತಂದ ಕಾಯಿಲ್‌ನ ತಳದಲ್ಲಿ, ಹೊರಗಿನ ರೆಸಿಸ್ಟರ್ ಜೊತೆ ಬಳಸಿ ಅಂತ ಸಣ್ಣಕ್ಷರದಲ್ಲಿ ಬರೆದೇ ಇತ್ತು. ಕಂಡದ್ದು ಕೂರಿಸಿ ಬೋಲ್ಟ್ ಬಿಗಿ ಮಾಡಿದ ಮೇಲೆ.