ಮಧ್ಯಾಹ್ನ ಮೂರಕ್ಕೆ ನಿಲ್ಲುವ ಕಸೂತಿ

ಧಾರವಾಡದ ನಮ್ಮ ದೊಡ್ಡವ್ವನ ಮನೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಶಾಲೆಗೆ ಹೊರಟ ಮೊಮ್ಮಗಳು ಕಿಟಕಿಯ ಪಕ್ಕ ಕೂತು ಏಳು ಸೂಜಿಗೆ ದಾರ ಪೋಣಿಸುತ್ತಾಳೆ. ಅವನ್ನು ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಚಿಗೆ ಸಾಲಾಗಿ ಚುಚ್ಚಿ, ಚೀಲ ಹೆಗಲಿಗೇರಿಸಿಕೊಂಡು ಓಡುತ್ತಾಳೆ. ದೊಡ್ಡವ್ವ ಅಡುಗೆ ಮುಗಿಸಿ ಕಸೂತಿಯ ಸೀರೆ ಹರವಿಕೊಂಡು ಕೂರುತ್ತಾಳೆ. ಏಳನೆಯ ದಾರ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರಾಗಿರುತ್ತದೆ. ಬೆಳಕು ಇರುತ್ತದೆ, ಕೈಗೆ ಉತ್ಸಾಹವೂ ಇರುತ್ತದೆ, ಕಸೂತಿ ಮಾತ್ರ ನಿಲ್ಲುತ್ತದೆ.

ಉದ್ದನೆಯ ದಾರ ಹಾಕಿಕೊಂಡರೆ ಆಗದೇ ಎಂದು ಕೇಳಬಹುದು. ಆಗದು. ದಾರ ಪ್ರತಿ ಹೊಲಿಗೆಗೂ ಬಟ್ಟೆಯೊಳಗೆ ಉಜ್ಜಿಕೊಂಡೇ ಹಾಯಬೇಕು. ಸೂಜಿಯ ಕಣ್ಣಿಗೆ ತಾಗುವ ಜಾಗದಲ್ಲಂತೂ ಅದು ಬೇಗ ಸವೆದು ನವಿರೇಳುತ್ತದೆ. ಅದಕ್ಕೇ ಕಸೂತಿಯವರು ಅರ್ಧ ಮೀಟರಿನ ಆಸುಪಾಸಿನಲ್ಲೇ ದಾರ ಕತ್ತರಿಸುತ್ತಾರೆ. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ನೇರ ಗೆರೆಯ ಗವಂತಿ ಹೊಲಿಗೆಯಲ್ಲೂ ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿಯಲ್ಲೂ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಎರಡು ಮಿಲಿಮೀಟರಿನ ಹೊಲಿಗೆಯಾದರೆ ತುದಿಗಳಿಗೆ ಬಿಟ್ಟದ್ದು ಕಳೆದು ಒಂದು ದಾರಕ್ಕೆ ಸುಮಾರು ಇನ್ನೂರು ಹೆಜ್ಜೆ, ಅಷ್ಟೇ. ಆಮೇಲೆ ಮತ್ತೆ ಪೋಣಿಸಬೇಕು.

ನನಗೆ ಬಹಳ ದಿನ ಕಾಡಿದ ಪ್ರಶ್ನೆ ಬೇರೆ. ಕನ್ನಡಕ ಹಾಕಿಕೊಂಡು ಬಟ್ಟೆಯ ಎಳೆ ಎಣಿಸುವ ಈ ಹೆಂಗಸಿಗೆ ಸೂಜಿಯ ಕಣ್ಣು ಏಕೆ ಸಿಗುವುದಿಲ್ಲ? ಎಳೆ ಅದಕ್ಕಿಂತ ಸಣ್ಣದಲ್ಲವೇ?

ಉತ್ತರದ ಒಂದು ಭಾಗ ನಮ್ಮ ಕಣ್ಣಿನಲ್ಲಿದೆ. ಹತ್ತು ವರ್ಷದ ಮಗು ಮುಖದಿಂದ ಏಳೆಂಟು ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಕಾಣಬಲ್ಲದು. ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗುತ್ತ ಹೋಗಿ, ಅರವತ್ತರ ಹೊತ್ತಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ಅತಿ ಹತ್ತಿರದ ದೂರ ಹೆಚ್ಚೂಕಡಿಮೆ ಒಂದು ಮೀಟರಿಗೆ ಸರಿದಿರುತ್ತದೆ. ಓದುವ ಕನ್ನಡಕ ಅದನ್ನು 40 ಸೆಂಟಿಮೀಟರಿಗೆ ಎಳೆದು ತರುತ್ತದೆ. ಆ ದೂರದಲ್ಲಿ ಒಳ್ಳೆಯ ಕಣ್ಣು ಬೇರ್ಪಡಿಸಿ ಗುರುತಿಸಬಲ್ಲ ಅತಿ ಸಣ್ಣ ಅಂತರ ಸುಮಾರು 0.12 ಮಿಲಿಮೀಟರ್. ಸೂಜಿಕಣ್ಣಿನ ಅಗಲ 0.3 ಮಿಲಿಮೀಟರ್ ಎಂದುಕೊಂಡರೆ ನೋಟದ ಮಿತಿಗೆ ಎಷ್ಟು ಹತ್ತಿರದಲ್ಲಿ ಈ ಕೆಲಸ ನಡೆಯುತ್ತಿದೆ ನೋಡಿ. ಮೊಮ್ಮಗಳು ಸೂಜಿಯನ್ನು ಮೂಗಿನ ಹತ್ತಿರ ಹಿಡಿದಾಗ ಅದೇ ಕಣ್ಣು ಅವಳಿಗೆ ನಾಲ್ಕೈದು ಪಟ್ಟು ದೊಡ್ಡದಾಗಿ ಕಾಣುತ್ತಿರುತ್ತದೆ. ಪ್ರಖರ ಬೆಳಕಿನಲ್ಲಿ ಪೋಣಿಸುವುದು ಸುಲಭವಾಗಲು ಕಾರಣವೂ ಇಲ್ಲೇ ಇದೆ. ಬೆಳಕು ಹೆಚ್ಚಾದರೆ ಪಾಪೆ ಕಿರಿದಾಗುತ್ತದೆ, ಆಗ ತುಸು ಮುಂದೆ, ತುಸು ಹಿಂದೆ ಇರುವುದೂ ಸ್ಪಷ್ಟವಾಗುತ್ತದೆ.

ಇನ್ನೊಂದು ಭಾಗ ಕೈಯಲ್ಲಿದೆ. ಬಟ್ಟೆಯ ಎಳೆ ಎತ್ತುವಾಗ ಸೂಜಿಯ ಮೊನೆ ಬಟ್ಟೆಯ ಮೇಲೆ ಒರಗಿರುತ್ತದೆ, ಬಟ್ಟೆ ತೊಡೆಯ ಮೇಲಿರುತ್ತದೆ, ಅರ್ಧ ಕೆಲಸವನ್ನು ಸ್ಪರ್ಶವೇ ಮಾಡುತ್ತದೆ. ದಾರ ಪೋಣಿಸುವಾಗ ಎರಡೂ ಕೈ ಗಾಳಿಯಲ್ಲಿ ತೇಲುತ್ತಿರುತ್ತವೆ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಎರಡು ಕೈಯ ಎರಡು ನಡುಕ, ನಡುವೆ 0.3 ಮಿಲಿಮೀಟರಿನ ಗುರಿ. ಎರಡೂ ಕೈಯ ಕಿರುಬೆರಳುಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದರೆ ಎರಡು ನಡುಕ ಒಂದಾಗಿಬಿಡುತ್ತವೆ. ಇದನ್ನು ಯಾರೂ ಹೇಳಿಕೊಡದೆ ದರ್ಜಿಗಳು ಮಾಡುತ್ತಾರೆ.

ಇಷ್ಟಾದರೂ ದಾರದ ತುದಿಯ ವಿಷಯಕ್ಕೆ ನಾವಿನ್ನೂ ಬಂದಿಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಅಲ್ಲಿದೆ. ಎಲ್ಲರೂ ಸೂಜಿಯ ಕಣ್ಣನ್ನೇ ಬೈಯುತ್ತಾರೆ.

ಕಸೂತಿಯ ಆರೆಳೆ ದಾರದಿಂದ ಒಂದೆಳೆ ಬಿಡಿಸಿ, ಭೂತಗನ್ನಡಿಯ ಕೆಳಗೆ ಇಟ್ಟು ನೋಡಿ. ದೂರದಿಂದ ಒಂದು ಗೆರೆಯಂತೆ ಕಾಣುವುದು ಹತ್ತಿರದಿಂದ ಹುರಿ ಹಾಕಿದ ಎರಡು ನೂಲು. ಅದರ ಕತ್ತರಿಸಿದ ತುದಿ ಪೊರಕೆಯ ಹಾಗೆ ಬಿಚ್ಚಿಕೊಂಡಿರುತ್ತದೆ, ನಾಲ್ಕಾರು ನವಿರುಗಳು ಹೊರಗೆ ಚಾಚಿರುತ್ತವೆ. ದಾರದ ಮೈ ಕಣ್ಣಿನೊಳಗೆ ಸಲೀಸಾಗಿ ಹಿಡಿಸುತ್ತದೆ. ಆದರೆ ಆ ನವಿರುಗಳಲ್ಲಿ ಒಂದು ಅಂಚಿಗೆ ತಾಗಿ ನಿಂತರೂ ಉಳಿದ ದಾರವೆಲ್ಲ ಬಾಗಿ ಪಕ್ಕಕ್ಕೆ ಸರಿದುಬಿಡುತ್ತದೆ.

ಹೀಗೆ ಬಾಗುವುದಕ್ಕೆ ಒಂದು ಲೆಕ್ಕವಿದೆ. ತೆಳ್ಳನೆಯ ಕಂಬವನ್ನು ತುದಿಯಿಂದ ಒತ್ತಿದರೆ ಎಷ್ಟು ಒತ್ತಡಕ್ಕೆ ಅದು ಬಳುಕಿ ಮಡಚಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲೇ ಉತ್ತರ ಕೊಟ್ಟ. ಕಂಬ ತಾಳುವ ಒತ್ತಡ ಅದರ ಉದ್ದದ ವರ್ಗಕ್ಕೆ ವಿಲೋಮ. ಉದ್ದ ಅರ್ಧವಾದರೆ ಶಕ್ತಿ ನಾಲ್ಕು ಪಟ್ಟು. ದಾರಕ್ಕೂ ಇದೇ ಲೆಕ್ಕ ಸಲ್ಲುತ್ತದೆ. ಬೆರಳಿನಿಂದ 20 ಮಿಲಿಮೀಟರ್ ಹೊರಗೆ ಚಾಚಿದ ದಾರಕ್ಕಿಂತ 2 ಮಿಲಿಮೀಟರ್ ಚಾಚಿದ ದಾರ ನೂರು ಪಟ್ಟು ಹೆಚ್ಚು ಒತ್ತಡ ತಾಳುತ್ತದೆ. ನಾವು ಮಾಡುವುದೋ ಇದಕ್ಕೆ ವಿರುದ್ಧ. ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ದಾರವನ್ನು ಉದ್ದಕ್ಕೆ ಚಾಚಿ ಹಿಡಿಯುತ್ತೇವೆ. ಅನುಭವಸ್ಥರು ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೂತು, ಚುಕ್ಕೆಯಷ್ಟು ಮಾತ್ರ ಕಾಣುವಂತೆ ಹಿಡಿದು, ದಾರವನ್ನು ಅಲ್ಲಾಡಿಸದೆ ಸೂಜಿಯನ್ನೇ ಅದರ ಮೇಲೆ ಇಳಿಸುತ್ತಾರೆ. ಒಮ್ಮೆ ಮಾಡಿ ನೋಡಿ, ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ದಾರವನ್ನು ಬಾಯಲ್ಲಿ ಒದ್ದೆ ಮಾಡುವುದಕ್ಕೂ ಅರ್ಥವಿದೆ. ನೀರಿನಿಂದೆತ್ತಿದ ಕುಂಚದ ಕೂದಲು ಒಟ್ಟಾಗಿ ಮೊನಚಾಗುವ ಹಾಗೆ ನೀರಿನ ಮೇಲ್ಮೈ ಎಳೆತ ನವಿರುಗಳನ್ನೆಲ್ಲ ಒಂದಾಗಿಸುತ್ತದೆ. ಆದರೆ ಹತ್ತಿಯ ನಾರು ನೀರು ಕುಡಿದು ಉಬ್ಬುತ್ತದೆ, ಮೆತ್ತಗೂ ಆಗುತ್ತದೆ. ಹಾಗಾಗಿ ಒದ್ದೆ ಮಾಡಿ, ಉಗುರಿನಿಂದ ಒತ್ತಿ ಚಪ್ಪಟೆ ಮಾಡಿ, ಹರಿತವಾದ ಕತ್ತರಿಯಿಂದ ಮತ್ತೊಮ್ಮೆ ತುದಿ ಕತ್ತರಿಸುವುದು ಒಳ್ಳೆಯದು. ಜೇನುಮೇಣ ಸವರಿದರೆ ಉಬ್ಬುವ ಗೋಜಿಲ್ಲ, ಬಿಗಿಯೂ ಬರುತ್ತದೆ.

ಈಗ ಸೂಜಿಗೆ ಬರೋಣ. ಕಣ್ಣು ದೊಡ್ಡದು ಮಾಡಿದರೆ ಮುಗಿಯಿತಲ್ಲ ಎನಿಸುವುದು ಸಹಜ. ಆದರೆ ಸೂಜಿಯ ಹಿಂಭಾಗ ಎಷ್ಟು ಅಗಲವೋ ಬಟ್ಟೆಯ ತೂತೂ ಅಷ್ಟೇ ಅಗಲ. 0.6 ಮಿಲಿಮೀಟರ್ ದಪ್ಪದ ಸೂಜಿಗೆ 0.3 ಮಿಲಿಮೀಟರಿನ ಕಣ್ಣು ಕೊರೆದರೆ ಒಂದೊಂದು ಬದಿಯ ಗೋಡೆಗೆ ಉಳಿಯುವುದು 0.15 ಮಿಲಿಮೀಟರ್, ಅಂದರೆ ಸುಮಾರು ಎರಡು ಕೂದಲೆಳೆಯ ದಪ್ಪ. ಕಣ್ಣನ್ನು ಇನ್ನೂ ಅಗಲಿಸಿದರೆ ಗೋಡೆ ಮುರಿಯುತ್ತದೆ, ಗೋಡೆ ದಪ್ಪ ಮಾಡಿದರೆ ಬಟ್ಟೆ ಹರಿಯುತ್ತದೆ.

ಕಸೂತಿ ಸೂಜಿ ಮಾಡಿದವರು ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಅವರು ಕಣ್ಣನ್ನು ಅಗಲಿಸದೆ ಉದ್ದ ಮಾಡಿದರು. ಉದ್ದ ಎಷ್ಟೇ ಇದ್ದರೂ ಬಟ್ಟೆಗೆ ಗೊತ್ತಾಗುವುದಿಲ್ಲ, ಅದಕ್ಕೆ ಗೊತ್ತಾಗುವುದು ಅಡ್ಡಗಲ ಮಾತ್ರ. ಪೋಣಿಸುವ ಕೈಗಾದರೋ ಅರ್ಧ ಕಷ್ಟ ಕಡಿಮೆಯಾಯಿತು. ಗುರಿ ಮೇಲೆ ಕೆಳಗೆ ತಪ್ಪಿದರೂ ನಡೆಯುತ್ತದೆ, ಎಡ ಬಲ ತಪ್ಪದಿದ್ದರೆ ಸಾಕು. ಸಾಮಾನ್ಯ ಹೊಲಿಗೆಯ ಸೂಜಿಗೆ ಪುಟ್ಟ ಗುಂಡುಕಣ್ಣು, ಕಸೂತಿಯ ಸೂಜಿಗೆ ಉದ್ದಕಣ್ಣು ಇರುವುದು ಇದಕ್ಕೇ. ಉಗುರಿನಿಂದ ಚಪ್ಪಟೆ ಮಾಡಿದ ದಾರವನ್ನು ಆ ಉದ್ದಕ್ಕೆ ಸರಿಯಾಗಿ ನಿಲ್ಲಿಸಿ ಹಿಡಿದರೆ ಪಟ್ಟಿಯೊಂದು ಸೀಳಿನೊಳಗೆ ಹೋದಂತೆ ಹೋಗುತ್ತದೆ.

ಸೂಜಿಗೆ ಮುಖವೂ ಬೆನ್ನೂ ಇವೆ ಎಂಬುದು ಹಲವರಿಗೆ ತಿಳಿಯದು. ಎರಡು ಸೂಜಿಯಷ್ಟು ಉದ್ದದ ಉಕ್ಕಿನ ತಂತಿ ಕತ್ತರಿಸಿ, ಎರಡೂ ತುದಿಗೆ ಸಾಣೆ ಹಿಡಿದು, ನಡುವೆ ಅಚ್ಚೊತ್ತಿ, ಎರಡು ಕಣ್ಣು ಚುಚ್ಚಿ, ಆಮೇಲೆ ಮಧ್ಯಕ್ಕೆ ಮುರಿದು ಎರಡು ಸೂಜಿ ಮಾಡುತ್ತಾರೆ. ಕಣ್ಣು ಒಂದು ಕಡೆಯಿಂದ ಚುಚ್ಚಿದ್ದಾದ್ದರಿಂದ ಒಂದು ಬದಿಯ ಅಂಚು ನುಣುಪಾಗಿಯೂ ಇನ್ನೊಂದು ತುಸು ಒರಟಾಗಿಯೂ ಉಳಿಯುತ್ತದೆ. ದಾರ ಹೋಗದಿದ್ದಾಗ ಸೂಜಿಯನ್ನು ತಿರುಗಿಸಿ ಹಿಡಿದರೆ ಎಷ್ಟೋ ಸಲ ಹೋಗಿಬಿಡುತ್ತದೆ. ಇಂಗ್ಲೆಂಡಿನ ರೆಡಿಚ್ ಪಟ್ಟಣ 19ನೆಯ ಶತಮಾನದಲ್ಲಿ ಜಗತ್ತಿಗೇ ಸೂಜಿ ಕಳಿಸುತ್ತಿತ್ತು. ಅಲ್ಲಿ ಮೊನೆಗೆ ಸಾಣೆ ಹಿಡಿಯುತ್ತಿದ್ದ ಕೆಲಸಗಾರರ ಎದೆಗೂಡಿಗೆ ಕಲ್ಲು ಉಕ್ಕಿನ ದೂಳು ಸೇರಿ ಅನೇಕರು ಚಿಕ್ಕ ವಯಸ್ಸಿನಲ್ಲೇ ಸತ್ತರು. ನಾಲ್ಕಾಣೆಯ ವಸ್ತು ಎಂದು ನಾವು ಎಣಿಸುವ ಸೂಜಿಯ ಹಿಂದೆ ಅಷ್ಟು ಜನರ ಉಸಿರಿದೆ.

ಸೈಬೀರಿಯಾದ ದೆನಿಸೊವ ಗುಹೆಯಲ್ಲಿ 2016ರಲ್ಲಿ ಸಿಕ್ಕ ಮೂಳೆಯ ಸೂಜಿ ಸುಮಾರು 50,000 ವರ್ಷ ಹಳೆಯದೆಂದು ಅಂದಾಜು. ಅದಕ್ಕೂ ಇಂಥದೇ ಮುಚ್ಚಿದ ಕಣ್ಣಿದೆ. ಕಣ್ಣು ಮುಚ್ಚಿಯೇ ಇರಬೇಕೆಂಬುದನ್ನು ಬಿಟ್ಟು ಯೋಚಿಸಿದವರೂ ಇದ್ದಾರೆ. ತಲೆಯ ಮೇಲೆ ಸಣ್ಣ ಸೀಳಿರುವ ಸೂಜಿ ಅಂಗಡಿಯಲ್ಲಿ ಸಿಗುತ್ತದೆ. ದಾರವನ್ನು ಸೀಳಿನ ಮೇಲಿಟ್ಟು ಒತ್ತಿದರೆ ಎರಡು ಉಕ್ಕಿನ ತುಟಿಗಳು ಸ್ಪ್ರಿಂಗಿನಂತೆ ಅಗಲಿ ಒಳಗೆ ಬಿಟ್ಟುಕೊಳ್ಳುತ್ತವೆ. ದಾರದ ತುದಿಯನ್ನೇ ಹುಡುಕಬೇಕಿಲ್ಲ. ಸಾಮಾನ್ಯ ರಿಪೇರಿ ಹೊಲಿಗೆಗೆ ಇದು ವರವೇ ಸರಿ. ಕಸೂತಿಗೆ ಒಗ್ಗಲಿಲ್ಲ. ಆ ತುಟಿಯ ಅಂಚು ರೇಷ್ಮೆ ದಾರವನ್ನು ಕೆರೆಯುತ್ತದೆ, ದಪ್ಪ ದಾರವನ್ನು ಒಳಗೆ ಬಿಡುವುದಿಲ್ಲ, ತೆಳು ದಾರ ಎಳೆದಾಗ ಹೊರಗೂ ಬಂದುಬಿಡುತ್ತದೆ.

ಶಸ್ತ್ರಚಿಕಿತ್ಸೆಯ ಸೂಜಿಗಳು ಇದೇ ದಾರಿಯಲ್ಲಿ ನಡೆದು ಇನ್ನೂ ಮುಂದೆ ಹೋದವು. ವೈದ್ಯರೂ ಮುಚ್ಚಿದ ಕಣ್ಣಿನ ಸೂಜಿ ಬಳಸಿದ್ದಾರೆ, ಸೀಳುಕಣ್ಣಿನದನ್ನೂ ಬಳಸಿದ್ದಾರೆ. ಕಣ್ಣಿನಲ್ಲಿ ದಾರ ಮಡಚಿಕೊಳ್ಳುವುದರಿಂದ ಎರಡೆಳೆ ಚರ್ಮದೊಳಗೆ ಹಾಯಬೇಕು, ಗಾಯ ದೊಡ್ಡದಾಗುತ್ತದೆ. ಈಗ ಬಹುಪಾಲು ಸೂಜಿಗಳಿಗೆ ಕಣ್ಣೇ ಇಲ್ಲ. ಸೂಜಿಯ ಹಿಂತುದಿಯನ್ನು ಟೊಳ್ಳು ಮಾಡಿ, ದಾರವನ್ನು ಅದರೊಳಗಿಟ್ಟು, ಕಾರ್ಖಾನೆಯಲ್ಲೇ ಅದುಮಿ ಕೂರಿಸಿರುತ್ತಾರೆ. ಒಮ್ಮೆ ಹೊಲಿದು ಎಸೆಯುವ ಸೂಜಿಗೆ ಇದು ಸರಿ. ಇತ್ತ ನಮ್ಮ ಊರುಗಳಲ್ಲಿ ಬ್ಲೌಸಿಗೆ ಆರಿ ವರ್ಕ್ ಮಾಡುವ ಹುಡುಗಿಯರೂ ಕಣ್ಣಿನ ಗೊಡವೆಗೆ ಹೋಗುವುದಿಲ್ಲ. ಅವರ ಸೂಜಿಯ ತುದಿಗೆ ಕೊಕ್ಕೆ ಇರುತ್ತದೆ. ಬಟ್ಟೆಯ ಕೆಳಗಿನಿಂದ ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಮೇಲೆ ಎಳೆಯುತ್ತಾರೆ. ಆದರೆ ಅದರಿಂದ ಬರುವುದು ಸರಪಳಿ ಹೊಲಿಗೆ, ಎರಡೂ ಬದಿ ಒಂದೇ ಥರ ಕಾಣುವ ಗವಂತಿ ಅದರಲ್ಲಿ ಆಗದು.

ದೊಡ್ಡವ್ವನಿಗೆ ಮೊದಲು ನಾನು ತಂದುಕೊಟ್ಟಿದ್ದು 26ನೆಯ ನಂಬರಿನ ಟ್ಯಾಪೆಸ್ಟ್ರಿ ಸೂಜಿ. ಮೊಂಡು ಮೊನೆ, ಉದ್ದನೆಯ ಕಣ್ಣು. ಎಳೆ ಎಣಿಸುವ ಕೆಲಸಕ್ಕೆ ಮೊಂಡು ಮೊನೆಯೇ ಒಳ್ಳೆಯದು, ಎಳೆಯನ್ನು ಸೀಳದೆ ಪಕ್ಕದಲ್ಲಿ ನುಸುಳುತ್ತದೆ. ಹತ್ತಿ ದಾರವನ್ನು ಅವಳೇ ಪೋಣಿಸಿದಳು, ಸೂಜಿಯ ಹಿಂದೆ ಬಿಳಿ ಕಾಗದ ಹಿಡಿದಾಗ ಇನ್ನೂ ಬೇಗ. ಆದರೆ ಇಳಕಲ್ ಸೀರೆಯ ಬಿಗಿಯಾದ ಅಂಚಿಗೆ ಅದು ದಪ್ಪವಾಯಿತು.

ಆಮೇಲೆ ಮಣಿ ಪೋಣಿಸುವವರ ತಂತಿಸೂಜಿ ತಂದೆ. ಕೂದಲಿನಂಥ ತಂತಿಯನ್ನು ಮಡಚಿ ಹುರಿಗೊಳಿಸಿ, ಹಿಂದೆ ಒಂದು ಕುಣಿಕೆ ಬಿಟ್ಟಿರುತ್ತಾರೆ. ಅದೇ ಅದರ ಕಣ್ಣು. ಪೋಣಿಸುವಾಗ ಅದು ಕಡಲೆಬೇಳೆಯಷ್ಟು ಅಗಲ. ದಾರ ಹಾಕಿ ಮಣಿಯೊಳಗೆ ತೂರಿಸಿದಾಗ ಮುಚ್ಚಿಕೊಂಡು ಎಳೆಯಷ್ಟೇ ಆಗುತ್ತದೆ. ಕೈಗೆ ಬೇಕಾದಾಗ ದೊಡ್ಡದು, ಬಟ್ಟೆಗೆ ಬೇಕಾದಾಗ ಸಣ್ಣದು: ಸೂಜಿಯ ಕಣ್ಣಿಗೆ ಎರಡು ಅಳತೆ ಇರಬಹುದೆಂಬ ಈ ಯೋಚನೆಯೇ ನನಗೆ ಎಲ್ಲಕ್ಕಿಂತ ಭರವಸೆಯದಾಗಿ ತೋರುತ್ತದೆ. ದೊಡ್ಡವ್ವ ಕನ್ನಡಕವಿಲ್ಲದೆ ಪೋಣಿಸಿದಳು. ಸೀರೆಯ ಮೈಯಲ್ಲಿ ಒಂದು ಸಣ್ಣ ಹೂ ಮುಗಿಯಿತು. ಅಂಚಿಗೆ ಬರುತ್ತಲೇ ಸೂಜಿ ಮೂರನೆಯ ಹೊಲಿಗೆಗೆ ಬಾಗಿತು.

ಅದನ್ನು ಬೆರಳಲ್ಲಿ ನೆಟ್ಟಗೆ ಮಾಡುತ್ತ ಹೇಳಿದಳು: "ಮುಂದಿನ ಅರ್ಧಾ ನಮ್ಮ ಸೂಜಿ, ಹಿಂದಿನ ಅರ್ಧಾ ಇದು ಇದ್ದಿದ್ರ ಛಲೋ ಆಗ್ತಿತ್ತಲ್ಲವಾ."

ಅವಳ ಮಾತನ್ನು ಅಲ್ಲಿಂದ ತಲೆಯಲ್ಲಿ ಹೊತ್ತು ತಿರುಗುತ್ತಿದ್ದೇನೆ. ಮುಂದಿನ ಅರ್ಧಕ್ಕೆ ಹದ ಹಾಕಿದ ಉಕ್ಕು ಇದ್ದೇ ಇದೆ. ಹಿಂದಿನ ಕುಣಿಕೆಗೆ ನಿಕಲ್ ಮತ್ತು ಟೈಟೇನಿಯಂ ಸೇರಿದ ನಿಟಿನಾಲ್ ತಂತಿ ಆಗಬಹುದು. ಮಾಮೂಲಿ ಉಕ್ಕು ಶೇಕಡಾ ಒಂದರಷ್ಟು ಹಿಗ್ಗುವ ಮೊದಲೇ ಶಾಶ್ವತವಾಗಿ ಬಾಗಿಬಿಡುತ್ತದೆ. ನಿಟಿನಾಲ್ ಸುಮಾರು ಶೇಕಡಾ ಎಂಟರಷ್ಟು ಹಿಗ್ಗಿದರೂ ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಕೀಲುಗಳ ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆದಾರ ದಾಟಿಸಲು ಈಗಲೂ ಅದರ ಕುಣಿಕೆಯನ್ನೇ ಬಳಸುತ್ತಾರೆ. ಬಟ್ಟೆಯೊಳಗೆ ಮುಚ್ಚಿಕೊಂಡು, ಹೊರಗೆ ಬಂದೊಡನೆ ತಾನಾಗಿ ತೆರೆದುಕೊಳ್ಳುವ ಕಣ್ಣು ಅದರಿಂದ ಸಾಧ್ಯ.

ಕಷ್ಟ ಇರುವುದು ಎರಡೂ ಸೇರುವ ಜಾಗದಲ್ಲಿ. ನಿಟಿನಾಲನ್ನು ಉಕ್ಕಿಗೆ ನೇರವಾಗಿ ಬೆಸೆದರೆ ಬೆಸುಗೆ ಗಾಜಿನಂತೆ ಪೆಡಸಾಗಿ ಮುರಿಯುತ್ತದೆ. ವೈದ್ಯರ ಸೂಜಿಯಂತೆ ಹಿಂತುದಿಯನ್ನು ಟೊಳ್ಳು ಮಾಡಿ ತಂತಿಯನ್ನು ಒಳಗಿಟ್ಟು ಅದುಮುವುದು ನನಗೆ ಕಾಣುವ ದಾರಿ. ಹಾಗೆ ಅದುಮಿದ ಜಾಗದ ದಪ್ಪ ಸೂಜಿಯ 0.6 ಮಿಲಿಮೀಟರನ್ನು ಮೀರಬಾರದು. ಅದರ ಅಂಚಿನಲ್ಲಿ ಉಗುರಿಗೆ ತಟ್ಟುವಷ್ಟು ಮೆಟ್ಟಿಲೂ ಉಳಿಯಬಾರದು, ಉಳಿದರೆ ರೇಷ್ಮೆಯ ಎಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಣ್ಣು ಮುರಿದ ಹಳೆಯ ಸೂಜಿಗಳನ್ನು ಎಸೆಯದೆ ಇಟ್ಟಿರಲು ದೊಡ್ಡವ್ವನಿಗೆ ಹೇಳಿದ್ದೇನೆ. ಕ್ಯಾಲೆಂಡರಿನ ಇನ್ನೊಂದು ಅಂಚಿನಲ್ಲಿ ಅಂಥವು ನಾಲ್ಕು ಸೇರಿವೆ.