ಬೆರಳು ಉಳಿಸುವ ಎರಡು ಬಟನ್

ತಗಡನ್ನು ಒತ್ತಿ ಮುಚ್ಚಳವನ್ನೋ ಬಟ್ಟಲನ್ನೋ ಮಾಡುವ ಪವರ್ ಪ್ರೆಸ್ ನೋಡಿದ್ದೀರಾ? ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ತಗಡು ಇಟ್ಟರೆ ಮೇಲಿನದು ಧಡ್ ಅಂತ ಇಳಿಯುತ್ತದೆ. ಅದಕ್ಕೆ ತಗಡೂ ಒಂದೇ, ಬೆರಳೂ ಒಂದೇ.

ಹಳೆಯ ಪ್ರೆಸ್‌ಗಳಲ್ಲಿ ಕಾಲಿನಿಂದ ಒತ್ತುವ ಪೆಡಲ್ ಇರುತ್ತಿತ್ತು. ಕೈ ಒಳಗೆ ತಗಡು ಇಡುತ್ತಿರುತ್ತದೆ, ಕಾಲು ಪೆಡಲ್ ಮೇಲೆ ಕಾಯುತ್ತಿರುತ್ತದೆ. ಇಡು, ಒತ್ತು, ತೆಗೆ. ಇಡು, ಒತ್ತು, ತೆಗೆ. ದಿನಕ್ಕೆ ಎರಡು ಸಾವಿರ ಸಲ ಇದನ್ನೇ ಮಾಡುತ್ತೀರಿ ಅಂದುಕೊಳ್ಳಿ. ಅಷ್ಟರಲ್ಲಿ ಒಂದೇ ಒಂದು ಸಲ ಕಾಲು ಅವಸರಪಟ್ಟರೆ ಮುಗಿಯಿತು. ಎದುರಿನ ಗೋಡೆಯ ಮೇಲೆ ‘ಎಚ್ಚರಿಕೆಯಿಂದ ಕೆಲಸ ಮಾಡಿ’ ಅಂತ ದೊಡ್ಡ ಬೋರ್ಡ್ ಇರಬಹುದು. ಆದರೆ ಎರಡು ಸಾವಿರನೇ ಸಲಕ್ಕೂ ಮೊದಲ ಸಲದಷ್ಟೇ ಎಚ್ಚರ ಉಳಿಸಿಕೊಳ್ಳುವುದು ಯಾರ ಕೈಲೂ ಆಗದ ಮಾತು. ಕೆಲಸ ರೂಢಿಯಾದಷ್ಟೂ ಗಮನ ಬೇರೆ ಕಡೆ ಹೋಗುತ್ತದೆ. ಇದು ಸೋಮಾರಿತನ ಅಲ್ಲ. ಮಿದುಳು ಇರುವುದೇ ಹಾಗೆ.

ಹಾಗಾಗಿ ಪೆಡಲ್ ತೆಗೆದು ಎರಡು ಬಟನ್ ಇಟ್ಟರು. ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒತ್ತಿ ಹಿಡಿದರೆ ಮಾತ್ರ ಅಚ್ಚು ಇಳಿಯುತ್ತದೆ. ಒಳಗೆ ಹಾಕಲು ಮೂರನೇ ಕೈ ಯಾರಿಗೂ ಇಲ್ಲ, ಅಲ್ವಾ?

ಕತೆ ಅಲ್ಲಿಗೆ ಮುಗಿಯಲಿಲ್ಲ. ಪೀಸಿಗಿಷ್ಟು ಅಂತ ಕೂಲಿ ಕೊಡುವ ಕಡೆ ಎರಡೂ ಕೈ ಬಟನ್‌ಗೆ ಸಿಕ್ಕಿಕೊಂಡರೆ ಸಂಪಾದನೆ ಕಡಿಮೆ. ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿದ ಹಾಗೇ ಇಟ್ಟರೆ ಒಂದು ಕೈ ಖಾಲಿ ಆಗುತ್ತದೆ! ಇದಕ್ಕೆ ಎಂಜಿನಿಯರುಗಳು ಇನ್ನೊಂದು ಉಪಾಯ ಮಾಡಿದರು. ಎರಡೂ ಬಟನ್‌ಗಳನ್ನು ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸಲವೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಟೇಪ್ ಸುತ್ತಿದರೆ ಯಂತ್ರ ಅಲ್ಲಾಡುವುದೇ ಇಲ್ಲ. ಒಂದನ್ನು ಬೆರಳಿನಿಂದ, ಇನ್ನೊಂದನ್ನು ಮೊಣಕೈಯಿಂದ ಒತ್ತಿದರೆ? ಬಟನ್‌ಗಳನ್ನು ದೂರ ದೂರ ಇಟ್ಟು, ಸುತ್ತ ಎತ್ತರದ ಅಂಚು ಕಟ್ಟಿದರು. ಬಟನ್ ಬಿಟ್ಟ ತಕ್ಷಣ ಕೈ ಒಳಗೆ ಚಾಚಿದರೆ? ಅದಕ್ಕೂ ಲೆಕ್ಕ ಇದೆ. ಕೈ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಬರುತ್ತದೆ ಅಂತ ಅಂತರರಾಷ್ಟ್ರೀಯ ಮಾನದಂಡದಲ್ಲಿ ಲೆಕ್ಕ ಹಿಡಿಯುತ್ತಾರೆ. ಅಚ್ಚು ನಿಲ್ಲಲು 0.3 ಸೆಕೆಂಡ್ ಬೇಕಿದ್ದರೆ ಅಷ್ಟರಲ್ಲಿ ಕೈ 48 ಸೆಂಟಿಮೀಟರ್ ಸಾಗಿರುತ್ತದೆ. ಬಟನ್ ಕನಿಷ್ಠ ಅಷ್ಟು ದೂರ ಇರಲೇಬೇಕು. ಇಷ್ಟೆಲ್ಲ ಮಾಡಿದರೂ ಪಕ್ಕದಲ್ಲಿ ನಿಂತ ಸಹಾಯಕನ ಕೈಗೆ ಈ ಬಟನ್‌ಗಳು ಕಾವಲಲ್ಲ. ಅದಕ್ಕೆ ಜಾಲರಿಯೋ, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಪರದೆಯೋ ಬೇಕು.

ಟೇಪ್ ಸುತ್ತಿದವನನ್ನು ಬೈಯುವುದು ಸುಲಭ. ನನಗೇನೋ ಮೊದಲು ಅವನ ಕೂಲಿಯ ಲೆಕ್ಕ ನೋಡಬೇಕು ಅನಿಸುತ್ತದೆ.

ಬೈಯುವ ರೂಢಿ ಹಳೆಯದು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಕ್ 1931ರಲ್ಲಿ, ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ತಪ್ಪು ನಡವಳಿಕೆಯೇ ಕಾರಣ ಅಂತ ಬರೆದರು. ಆ ಸಂಖ್ಯೆಯನ್ನು ಎಷ್ಟೋ ದಶಕ ಜನ ಮಂತ್ರದ ಹಾಗೆ ಹೇಳಿಕೊಂಡು ಬಂದರು. ಆದರೆ ಹೈನ್‌ರಿಕ್ ನೋಡಿದ್ದು ವಿಮೆಯ ಕಡತಗಳನ್ನು, ಕಾರ್ಖಾನೆ ಮಾಲೀಕರ ದಾಖಲೆಗಳನ್ನು. ಮಾಲೀಕರ ದಾಖಲೆಯಲ್ಲಿ ತಪ್ಪು ಯಾರದ್ದಾಗಿರುತ್ತದೆ, ನೀವೇ ಹೇಳಿ.

ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ವಿಮಾನಗಳಲ್ಲಿ. ಬಿ-17 ಬಾಂಬರ್‌ಗಳನ್ನು ಇಳಿಸಿದ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ‘ಪೈಲಟ್ ತಪ್ಪು’ ಅಂತ ಬರೆದು ಕಡತ ಮುಚ್ಚುತ್ತಿದ್ದರು. ಆಲ್ಫೊನ್ಸ್ ಚಪಾನಿಸ್ ಎಂಬ ಮನೋವಿಜ್ಞಾನಿ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಎರಡೂ ಸ್ವಿಚ್ ಅಕ್ಕಪಕ್ಕ, ನೋಡಲು ಒಂದೇ ಥರ. ಚಕ್ರದ ಸ್ವಿಚ್‌ಗೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್ ಸ್ವಿಚ್‌ಗೆ ರೆಕ್ಕೆಯ ಆಕಾರದ ತುಂಡು ಅಂಟಿಸಿದರು. ಕತ್ತಲಲ್ಲೂ ಬೆರಳಿಗೆ ಗೊತ್ತಾಗುವಂತೆ. ಆ ತಪ್ಪು ನಿಂತುಹೋಯಿತು. ಪೈಲಟ್‌ಗಳು ಮೊದಲಿನವರೇ.

ಸುರಕ್ಷತೆಯ ಕೆಲಸದಲ್ಲಿ ಇರುವವರು ಒಂದು ಮೆಟ್ಟಿಲು ಹೇಳುತ್ತಾರೆ. ಅಪಾಯವನ್ನೇ ತೆಗೆದುಹಾಕಲು ಆಗುತ್ತದಾ ಅಂತ ಮೊದಲು ನೋಡು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಹಾಕು. ಆಮೇಲೆ ತಡೆ, ಬೇಲಿ. ಆಮೇಲೆ ನಿಯಮ, ತರಬೇತಿ. ಹೆಲ್ಮೆಟ್, ಗ್ಲೌಸ್ ಎಲ್ಲ ಕಟ್ಟಕಡೆಗೆ. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿ ಹೆಲ್ಮೆಟ್ ಹಂಚುವುದರಿಂದ ಶುರು ಮಾಡುತ್ತೇವೆ. ಎತ್ತರದಿಂದ ಬೀಳುವುದನ್ನೇ ತೆಗೆದುಕೊಳ್ಳಿ. 3 ಮೀಟರ್ ಎತ್ತರದ ಏಣಿಯಿಂದ ನೆಲ ತಲುಪಲು ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಾಕು. ಆಗಿನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಬೀಳುತ್ತಿದ್ದೇನೆ ಅಂತ ಗೊತ್ತಾಗುವಷ್ಟರಲ್ಲೇ ಆ ಸಮಯದ ಒಂದು ಪಾಲು ಕಳೆದಿರುತ್ತದೆ. ಹೆಲ್ಮೆಟ್ ಬೆನ್ನುಮೂಳೆ ಕಾಯುವುದಿಲ್ಲ. ಬಲ್ಬ್ ಬದಲಿಸಲು ಏಣಿ ಹತ್ತುವ ಬದಲು ದೀಪವನ್ನೇ ಕೆಳಗೆ ಇಳಿಸುವ ಹಗ್ಗ, ರಾಟೆ ಇದ್ದರೆ ಬೀಳುವ ಪ್ರಶ್ನೆಯೇ ಇಲ್ಲ.

ಎಚ್ಚರವೂ ಧೈರ್ಯವೂ ತೀರಾ ಕೈಕೊಡುವ ಜಾಗ ಒಂದಿದೆ. ಮುಚ್ಚಿದ ಟ್ಯಾಂಕ್. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡ 21. ಮುಚ್ಚಿಟ್ಟ ಕಬ್ಬಿಣದ ಟ್ಯಾಂಕ್ ಸುಮ್ನೆ ತುಕ್ಕು ಹಿಡಿಯುತ್ತಾ ಕೂತರೂ ಒಳಗಿನ ಆಮ್ಲಜನಕವನ್ನು ತಿಂದುಬಿಡುತ್ತದೆ. ಇಳಿದವನಿಗೆ ಉಸಿರು ಕಟ್ಟಿದಂತೆ ಅನಿಸುವುದೇ ಇಲ್ಲ. ಏಕೆಂದರೆ ಉಸಿರು ಕಟ್ಟುವ ಸಂಕಟ ಹುಟ್ಟುವುದು ಮುಖ್ಯವಾಗಿ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿದಾಗ. ಅದು ಪ್ರತಿ ಉಸಿರಿನಲ್ಲೂ ಹೊರಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಮುನ್ಸೂಚನೆ ಇಲ್ಲದೆ ಕುಸಿಯುತ್ತಾನೆ. ಮೇಲೆ ನಿಂತ ಗೆಳೆಯ ಅದನ್ನು ನೋಡಿ ಹಿಂದೆಮುಂದೆ ಯೋಚಿಸದೆ ಇಳಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ. ಇಂಥ ಅಪಘಾತಗಳಲ್ಲಿ ಕಾಪಾಡಲು ಹೋದವರೇ ಸಾಲಾಗಿ ಸಾಯುತ್ತಾರೆ.

ಅವರಿಗೆ ‘ಇಳಿಯಬೇಡಿ’ ಅಂತ ಕೂಗಿ ಹೇಳಿದರೆ ಕೇಳುತ್ತಾರಾ? ಒಳಗೆ ಬಿದ್ದಿರುವವನು ಅವರ ಜೊತೆ ಬೆಳಿಗ್ಗೆ ಟೀ ಕುಡಿದವನು. ಅದಕ್ಕೇ ಇಳಿಯುವ ಮುಂಚೆ ಮೀಟರ್ ಇಳಿಸಿ ಗಾಳಿ ಅಳೆಯುತ್ತಾರೆ, ಫ್ಯಾನ್ ಹಚ್ಚಿ ಹೊಸ ಗಾಳಿ ತುಂಬುತ್ತಾರೆ. ಟ್ಯಾಂಕಿನ ಬಾಯಿಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸುತ್ತಾರೆ. ಇಳಿಯುವವನ ಮೈಗೆ ಬೆಲ್ಟ್, ಬೆಲ್ಟ್‌ಗೆ ಹಗ್ಗ, ಹಗ್ಗ ಸ್ಟ್ಯಾಂಡಿನ ರಾಟೆಗೆ. ಅವನು ಕುಸಿದರೆ ಮೇಲಿನವನು ನಿಂತಲ್ಲೇ ನಿಂತು ಹ್ಯಾಂಡಲ್ ತಿರುಗಿಸುತ್ತಾನೆ.